‘ಸ್ಕೂಲಿಗೆ ಹೋಗಲ್ಲ’ ಅನ್ನುವ ಮಗು ಮತ್ತು ಕೋಟೆ ತಾಲ್ಲೂಕಿನ ಏಣಿ

ಜೂನ್ ತಿಂಗಳಲ್ಲಿ ಮೈಸೂರಿನ ಯಾವ ಬಡಾವಣೆಗೆ ಹೋದರೂ ಬೆಳಿಗ್ಗೆ ಏಳೂವರೆಗೆ ಒಂದೇ ರಾಗ. ಗೇಟಿನ ಮುಂದೆ ವ್ಯಾನ್ ಹಾರನ್ ಹೊಡೀತಾ ಇರುತ್ತೆ, ಒಂದು ಕಾಲಿಗೆ ಸಾಕ್ಸ್ ಹಾಕಿಸಿಕೊಂಡ ಮಗು ಇನ್ನೊಂದು ಕಾಲು ಕೊಡಲ್ಲ. “ಹೊಟ್ಟೆ ನೋವು ಕಣಮ್ಮ” ಅನ್ನುತ್ತೆ. ಭಾನುವಾರ ಮಾತ್ರ ಬಾರದ ಹೊಟ್ಟೆನೋವು ಅದು. ಅಪ್ಪ “ಎಲ್ಲಾ ಮಕ್ಳೂ ಹೋಗ್ತಿಲ್ವಾ, ನಿಂಗೇನು ದಾಡಿ?” ಅಂತ ಗದರುತ್ತಾರೆ. ಅಜ್ಜಿ “ಇವತ್ತೊಂದಿನ ಬಿಡ್ರಪ್ಪ, ಪಾಪ” ಅನ್ನುತ್ತಾರೆ. ಮಗುವಿಗೆ ಯಾವುದರಿಂದ ಬಿಡುಗಡೆ ಬೇಕಾಗಿದೆ ಅಂತ ಇಬ್ಬರೂ ಕೇಳಲಿಲ್ಲ.

ಕೇಳಿದರೂ ಐದಾರು ವರ್ಷದ ಮಗು ಹೇಳಲಾರದು. ನಾವೇ ಪತ್ತೆ ಹಚ್ಚಬೇಕು. ಮೊದಲು ನೋಡಬೇಕಾದ್ದು ನೀರಿನ ಬಾಟಲಿ. ಬೆಳಿಗ್ಗೆ ತುಂಬಿಸಿ ಕಳಿಸಿದ ಬಾಟಲಿ ಸಂಜೆ ಹಾಗೇ ವಾಪಸ್ ಬರುತ್ತಿದ್ದರೆ ಪಾಠದ ಗೋಜಿಗೆ ಹೋಗಬೇಡಿ, ಶೌಚಾಲಯ ಹೋಗಿ ನೋಡಿ. ಅಲ್ಲಿಗೆ ಹೋಗಲು ಹೆದರುವ ಮಗು ನೀರು ಕುಡಿಯುವುದನ್ನೇ ಬಿಟ್ಟಿರುತ್ತೆ, ಅದರಿಂದ ಬರುವ ಹೊಟ್ಟೆನೋವು ನಿಜವಾದ ನೋವೇ. ಎರಡನೆಯದು ಪೆಟ್ಟು. ಸ್ಕೇಲಿನಲ್ಲಿ ಹೊಡೆಯುವುದು ಮಾತ್ರ ಅಲ್ಲ, ಎಲ್ಲರೆದುರು ನಿಲ್ಲಿಸಿ ಮರ್ಯಾದೆ ತೆಗೆಯುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮೂರನೆಯದು ಅಕ್ಷರಗಳ ಗೊಂದಲ. ಮಾತಿನಲ್ಲಿ ಚೂಟಿಯಾಗಿದ್ದು, ಪುಸ್ತಕ ತೆರೆದ ಕೂಡಲೇ ಮಂಕಾಗುವ ಮಗುವನ್ನು ಸೋಮಾರಿ ಅನ್ನುವ ಮುಂಚೆ ಒಮ್ಮೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ಕಲಿಕಾ ನ್ಯೂನತೆ ಇದೆಯೋ ಇಲ್ಲವೋ ಅಂತ ಅಲ್ಲಿ ಪರೀಕ್ಷೆ ಮಾಡಿ ಹೇಳುತ್ತಾರೆ. ದೇಶದ ಬೇರೆ ಬೇರೆ ಕಡೆಯಿಂದ ಜನ ಹುಡುಕಿಕೊಂಡು ಬರುವ ಜಾಗ, ನಮಗೆ ಸಿಟಿ ಬಸ್ಸಿನ ದೂರ.

ಇವೆಲ್ಲ ಕಾರಣ ಪತ್ತೆಯಾದರೆ ದಾರಿ ಸಿಗುವಂಥವು. ಇದ್ಯಾವುದೂ ಇಲ್ಲದೆ, ಮಿಸ್ ಒಳ್ಳೆಯವರೇ ಆಗಿದ್ದು, ಗೆಳೆಯರೂ ಇದ್ದು, ಆದರೂ ಕಿಟಕಿಯಾಚೆಯ ಹೊಂಗೆ ಮರವನ್ನೇ ನೋಡುತ್ತಾ ಕೂರುವ ಮಗು ಇರುತ್ತದಲ್ಲ, ಈ ಬರಹ ಅದರ ಬಗ್ಗೆ. ಆ ಮಗುವಿನ ತಕರಾರು ಕಲಿಕೆಯ ಮೇಲಲ್ಲ. ಬೆಂಚಿನ ಮೇಲೆ, ಬೆಲ್ಲಿನ ಮೇಲೆ, ನಲವತ್ತು ಮಕ್ಕಳೂ ಒಂದೇ ದಿನ ಒಂದೇ ಪುಟದಲ್ಲಿರಬೇಕು ಅನ್ನುವ ಹಟದ ಮೇಲೆ. ಈ ತಕರಾರಿಗೆ ಸರಿಯಾದ ಉತ್ತರ ಕೊಟ್ಟಿದ್ದು ನಮ್ಮದೇ ಜಿಲ್ಲೆ. ಮೈಸೂರು ನಗರದ ಶಾಲೆಯೇನಲ್ಲ, ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳು.

ನಲಿ-ಕಲಿ, ಅಂದರೆ ಪ್ರತಿ ಮಗು ಆಡುತ್ತಾ ತನ್ನದೇ ವೇಗದಲ್ಲಿ ಕಲಿಯುವ ಪದ್ಧತಿ, ಹುಟ್ಟಿದ್ದು ಅಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿ ಸುತ್ತಲಿನ ಹಳ್ಳಿ ಮಕ್ಕಳಿಗಾಗಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿ ಬಂದು, ಕನ್ನಡಕ್ಕೆ ಹೊಂದುವಂತೆ ತಾವೇ ಕಾರ್ಡುಗಳನ್ನು ಬರೆದರು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು, ಮರುವರ್ಷ ಮೂರಕ್ಕೂ. ಬೆಂಗಳೂರಿನ ಕಚೇರಿಯಲ್ಲಿ ಹುಟ್ಟಿ ಹಳ್ಳಿಗೆ ಇಳಿದ ಯೋಜನೆಗಳೇ ಜಾಸ್ತಿ. ಇದು ಕಾಡಂಚಿನಿಂದ ಮೇಲಕ್ಕೆ ಹೋಯಿತು.

ಕೋಟೆಯಲ್ಲೇ ಯಾಕೆ ಅಂತ ಕೇಳಿದರೆ ಅದಕ್ಕೂ ಕಾರಣ ಇದೆ. ಆ ಭಾಗದ ಹಾಡಿಗಳ (ಬುಡಕಟ್ಟು ಜನರ ಪುಟ್ಟ ಊರುಗಳು) ಜೇನುಕುರುಬ, ಕಾಡುಕುರುಬ ಕುಟುಂಬಗಳು ಕಾಫಿ ಕೊಯ್ಲಿನ ಕಾಲಕ್ಕೆ ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುತ್ತವೆ, ಮಕ್ಕಳನ್ನೂ ಕರೆದುಕೊಂಡು. ತಿಂಗಳುಗಟ್ಟಲೆ ಬಿಟ್ಟು ವಾಪಸ್ ಬಂದ ಮಗುವಿಗೆ ಸಾಮಾನ್ಯ ತರಗತಿಯಲ್ಲಿ ತಲೆಬುಡ ಗೊತ್ತಾಗಲ್ಲ. ಪಾಠ ಹತ್ತು ಪುಟ ಮುಂದೆ ಹೋಗಿರುತ್ತೆ, ಮಗು ಇನ್ನು ಬರುವುದೇ ಇಲ್ಲ. ‘ಶಾಲೆ ಬಿಟ್ಟ ಮಗು’ ಅಂತ ನಾವು ಬರೆದುಕೊಳ್ಳುತ್ತೇವೆ. ಬಿಟ್ಟು ಮುಂದೆ ಹೋಗಿದ್ದು ಪಾಠ. ಪಾಠವೇ ಮಗು ನಿಂತಲ್ಲಿ ಕಾಯುವ ಹಾಗೆ ಮಾಡಬೇಕಿತ್ತು.

ಅದಕ್ಕೆ ಬಂದದ್ದು ಕಲಿಕಾ ಏಣಿ. ಗೋಡೆಯ ಮೇಲೆ, ಮಗುವಿನ ಕಣ್ಣಿನ ಎತ್ತರಕ್ಕೆ, ಒಂದು ದೊಡ್ಡ ಚಾರ್ಟು. ಇಡೀ ವರ್ಷದ ಕಲಿಕೆಯನ್ನು ಮೈಲಿಗಲ್ಲುಗಳಾಗಿ ಒಡೆದು, ಪ್ರತಿ ಮೈಲಿಗಲ್ಲನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿರುತ್ತಾರೆ. ಒಂದು ಮೆಟ್ಟಿಲಿಗೆ ಒಂದು ಕಾರ್ಡು. ಕಾರ್ಡಿನ ಮೇಲೆ ಒಂದು ಪುಟ್ಟ ಚಿತ್ರ (ಲೋಗೋ ಅನ್ನುತ್ತಾರೆ), ಪಕ್ಕದಲ್ಲೊಂದು ಸಂಖ್ಯೆ. ಓದಲು ಬಾರದ ಮಗುವಿಗೂ ಚಿತ್ರ ಗುರುತಾಗುತ್ತೆ, ಸಂಖ್ಯೆ ಗುರುತಾಗುತ್ತೆ. ಬೆಳಿಗ್ಗೆ ಬಂದ ಮಗು ಸೀದಾ ಏಣಿ ಹತ್ತಿರ ಹೋಗುತ್ತೆ, ನಿನ್ನೆ ಎಲ್ಲಿದ್ದೆ ಅಂತ ಬೆರಳಿಟ್ಟು ನೋಡುತ್ತೆ, ಮುಂದಿನ ಚಿತ್ರದ ಕಾರ್ಡನ್ನು ಟ್ರೇಯಿಂದ ತಾನೇ ತೆಗೆದುಕೊಳ್ಳುತ್ತೆ, ಆ ಚಿತ್ರ ಇರುವ ಗುಂಪಿನಲ್ಲಿ ಹೋಗಿ ಚಾಪೆ ಮೇಲೆ ಕೂರುತ್ತೆ. ಈ ಹತ್ತು ಹೆಜ್ಜೆಯ ಓಡಾಟವನ್ನು ಸಣ್ಣದು ಅಂದುಕೊಳ್ಳಬೇಡಿ. ‘ಎದ್ದು ನಿಲ್ಲಲೂ ಮಿಸ್ ಕೇಳಬೇಕು’ ಅನ್ನುವ ತರಗತಿಯಿಂದ ಬಂದ ಮಗುವಿಗೆ ಇದೇ ದೊಡ್ಡ ಬಿಡುಗಡೆ. ಕಾಫಿ ಕೊಯ್ಲಿನಿಂದ ವಾಪಸ್ ಬಂದ ಮಗುವೂ ಅಷ್ಟೇ, ಬಿಟ್ಟ ಮೆಟ್ಟಿಲಿನಿಂದ ಶುರು. ಯಾರೂ ‘ಎಲ್ಲಿ ಹಾಳಾಗಿ ಹೋಗಿದ್ದೆ’ ಅನ್ನಲ್ಲ, ಅನ್ನುವ ಪ್ರಮೇಯವೇ ಬರಲ್ಲ.

ಗುಂಪುಗಳು ಐದು. ಮೇಷ್ಟ್ರು ಪೂರ್ತಿ ಜೊತೆಗಿದ್ದು ಹೊಸದನ್ನು ಹೇಳಿಕೊಡುವ ಗುಂಪು ಒಂದು, ಅವರು ಆಗೀಗ ಬಗ್ಗಿ ನೋಡಿ ಹೋಗುವ ಗುಂಪು ಇನ್ನೊಂದು. ಆಮೇಲೆ ಗೆಳೆಯರು ಪೂರ್ತಿ ಸಹಾಯ ಮಾಡುವುದು, ಗೆಳೆಯರು ಸ್ವಲ್ಪ ಸಹಾಯ ಮಾಡುವುದು, ಕೊನೆಗೆ ಮಗು ತಾನೇ ಕೂತು ಮಾಡುವುದು. ಗುಂಪಿನ ಮಧ್ಯೆ ಅದರ ಗುರುತಿನ ತಟ್ಟೆ ಇರುತ್ತೆ, ಅದಕ್ಕೇ ಮೇಷ್ಟ್ರುಗಳ ಬಾಯಲ್ಲಿ ಇದು ‘ಗುಂಪು ತಟ್ಟೆ’. ಒಂದನೇ ತರಗತಿಯ ಮಗುವೂ ಮೂರನೇ ತರಗತಿಯ ಮಗುವೂ ಒಂದೇ ಚಾಪೆಯಲ್ಲಿರಬಹುದು. ಮೇಷ್ಟ್ರು ಕೂರುವುದೂ ನೆಲದ ಮೇಲೆ. ಮೇಲೆ ದಾರ ಕಟ್ಟಿ ಮಕ್ಕಳು ಬರೆದದ್ದನ್ನು ತೂಗುಹಾಕುವ ಚಪ್ಪರ. ಕೆಳಗೆ, ಗೋಡೆಯ ಬುಡದುದ್ದಕ್ಕೂ, ಮಗು ಕೂತೇ ಬರೆಯುವಷ್ಟು ತಗ್ಗಿನ ಕಪ್ಪು ಹಲಗೆ, ಒಬ್ಬೊಬ್ಬರಿಗೆ ಒಂದೊಂದು ತುಂಡು.

ಅಕ್ಷರ ಕಲಿಸುವ ಕ್ರಮದಲ್ಲಿ ಈ ಪದ್ಧತಿಯ ಜಾಣತನ ಪೂರ್ತಿ ಕಾಣುತ್ತದೆ. ಹಳೇ ಕ್ರಮದಲ್ಲಿ ಮಗು 49 ಅಕ್ಷರ ತಿದ್ದಿ, ಆಮೇಲೆ ಕಾಗುಣಿತ ಉರು ಹೊಡೆದು, ಆಮೇಲೆ ಪದಕ್ಕೆ ಬರಬೇಕು. ‘ಆ’ ಅಂದರೆ ‘ಆನೆ’ ಅಂತ ಮೊದಲ ವಾರವೇ ಹೇಳಿಸುತ್ತೇವೆ. ಆದರೆ ‘ನೆ’ ಗೊತ್ತಾಗುವುದು ಎಷ್ಟೋ ತಿಂಗಳಾದ ಮೇಲೆ. ಮಗು ಓದುತ್ತಿರುವುದು ಆನೆಯ ಚಿತ್ರವನ್ನು, ಅಕ್ಷರವನ್ನಲ್ಲ. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರ. ಐದು ಬಂದ ಕೂಡಲೇ ಮಗು ಸರ ಓದುತ್ತೆ, ರಸ ಓದುತ್ತೆ, ದರ, ಅರಸ, ಅಗಸ, ಗರಗಸ ಓದುತ್ತೆ. ಒತ್ತಿಲ್ಲ, ದೀರ್ಘವಿಲ್ಲ, ಕೊಂಬಿಲ್ಲ. ‘ಗರಗಸ’ವನ್ನು ತಾನಾಗಿ ಓದಿದ ಮಗುವಿನ ಮುಖ ನೋಡಬೇಕು. ಆಮೇಲೆ ಜ, ವ, ಮ, ಬ, ನ. ‘ವ’ ಕೂತ ಕೈಗೆ ‘ಮ’ ಕಷ್ಟವಲ್ಲ, ಒಂದು ಬಾಲ ಎಳೆದರೆ ಆಯ್ತು. ಈಗ ಹತ್ತು ಅಕ್ಷರದಲ್ಲಿ ಮರ, ದನ, ಜನ, ವನ, ಗಜ, ನಗರ, ಬಸವ. ‘ಬಸವನ ದನ’ ಅಂತ ಎರಡು ಪದದ ಸಾಲೂ ಆಗಿಹೋಯಿತು. ವರ್ಣಮಾಲೆಯ ಕ್ರಮ ವ್ಯಾಕರಣಕ್ಕೆ ಸುಂದರ, ಅದರಲ್ಲಿ ಎರಡು ಮಾತಿಲ್ಲ. ಆರು ವರ್ಷದ ಕೈಗೆ ಮಾತ್ರ ಈ ಕ್ರಮವೇ ಮೇಲು.

ಲೆಕ್ಕಕ್ಕೂ ಇದೇ ದಾರಿ. ಮಕ್ಕಳು ಮೂವತ್ತನಾಲ್ಕನ್ನು 304 ಅಂತ ಬರೆಯುವುದು ದಡ್ಡತನದಿಂದಲ್ಲ. ಕಿವಿಗೆ ಕೇಳಿಸಿದ್ದು ‘ಮೂವತ್ತು’, ಆಮೇಲೆ ‘ನಾಲ್ಕು’. ಕೇಳಿದ ಹಾಗೇ 30 ಬರೆದು 4 ಬರೆದಿದೆ. ಹತ್ತು ಸಲ ತಿದ್ದಿಸಿದರೆ ಹೋಗಲ್ಲ. ಪೊರಕೆಯ ಹಂಚಿಕಡ್ಡಿ ಗೇಣುದ್ದ ಮುರಿದುಕೊಂಡು, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸಬೇಕು. ಮೂರು ಕಟ್ಟು, ನಾಲ್ಕು ಬಿಡಿ. ಕಟ್ಟಿನ ಮುಂದೆ 3, ಬಿಡಿಯ ಮುಂದೆ 4. ಕಟ್ಟು ಮೊದಲೇ ಕಟ್ಟಿ ಕೊಟ್ಟರೆ ಪ್ರಯೋಜನವಿಲ್ಲ. ಹತ್ತನ್ನು ಎಣಿಸಿ ಕಟ್ಟುವ ಕೆಲಸವನ್ನು ಮಗುವೇ ಮಾಡಬೇಕು, ಕಲಿಯುವುದು ಆ ಕಟ್ಟುವುದರಲ್ಲೇ.

ಇಷ್ಟು ಚೆನ್ನಾಗಿದ್ದರೆ ಎಷ್ಟೋ ಶಾಲೆಯಲ್ಲಿ ನಲಿಯೂ ಇಲ್ಲ ಕಲಿಯೂ ಇಲ್ಲ ಅನ್ನುವ ಹಾಗೆ ಯಾಕಾಯಿತು?

ದೊಡ್ಡ ಕಾರಣ, ಬಿಡುಗಡೆಗೆ ಬೆಂಚಿಗಿಂತ ಹೆಚ್ಚು ಏರ್ಪಾಡು ಬೇಕು. ಮೂವತ್ತು ಮಕ್ಕಳಿಗೆ ಒಂದೇ ಪಾಠ ಮಾಡುವುದು ಸುಲಭ, ಮೂವತ್ತು ಮಕ್ಕಳು ಹದಿನೈದು ಮೆಟ್ಟಿಲಿನ ಮೇಲಿರುವಾಗ ನಿಭಾಯಿಸುವುದು ಕಷ್ಟ. ಮೇಷ್ಟ್ರು ಒಂದು ದಿನ ಬೇರೆ ಕೆಲಸಕ್ಕೆ ಹೋದರೆ ಪಕ್ಕದ ತರಗತಿಯವರು ಬಂದು ‘ಎಲ್ಲಾ ಸಾಲಾಗಿ ಕೂತ್ಕೊಳ್ಳಿ’ ಅನ್ನುತ್ತಾರೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅಂತ ಅದೇ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತೆ. ಹೇಳುತ್ತೆ, ಅಷ್ಟೇ.

ಇನ್ನು ಕಾರ್ಡು ಕಳೆಯುವುದು. ಪುಸ್ತಕದಲ್ಲಿ ಒಂದು ಹಾಳೆ ಹರಿದರೆ ಪಕ್ಕದವನ ಪುಸ್ತಕ ಇದೆ. ಏಣಿಯಲ್ಲಿ ಒಂದು ಕಾರ್ಡು ಕಳೆದರೆ ಅದೊಂದು ಮುರಿದ ಮೆಟ್ಟಿಲು, ಅಲ್ಲಿಗೆ ಬಂದ ಪ್ರತಿ ಮಗುವೂ ನಿಲ್ಲುತ್ತೆ. ಹುಷಾರಿರುವ ಮೇಷ್ಟ್ರು ಶನಿವಾರ ಟ್ರೇ ಎಣಿಸಿ, ಇಲ್ಲದ್ದನ್ನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದು ಹಾಕುತ್ತಾರೆ. ಇಲ್ಲದಿದ್ದರೆ ‘ಅದನ್ನ ಬಿಟ್ಟು ಮುಂದಿಂದು ತಗೋ’ ಅನ್ನುವುದು ಶುರುವಾಗುತ್ತೆ. ಹಾಗೆ ಹಾರಿಸುವಾಗ ಮೊದಲು ಹೋಗುವುದು ಆಟದ ಕಾರ್ಡು, ಉಳಿಯುವುದು ಬರೆಯುವ ಕಾರ್ಡು. ಮೂರು ತಿಂಗಳಲ್ಲಿ ಏಣಿ ಅನ್ನುವುದು ಕಾಪಿ ಬರೆಯುವ ಪುಸ್ತಕವಾಗಿ ನಿಲ್ಲುತ್ತೆ. ‘ಗೆಳೆಯರ ಸಹಾಯ’ದ ಗುಂಪೂ ಹೀಗೇ ಕೆಡುತ್ತೆ: ಬಲ್ಲ ಮಗು ಹೇಳಿಕೊಡುವ ಬದಲು ತಾನೇ ಬರೆದುಕೊಟ್ಟು ಕೈ ತೊಳೆದುಕೊಳ್ಳುತ್ತೆ. ಆ ಗುಂಪಿನಲ್ಲಿ ಸೀಸದ ಕಡ್ಡಿ ಕಲಿಯುವ ಮಗುವಿನ ಕೈಯಲ್ಲೇ ಇರಬೇಕು ಅನ್ನುವ ಒಂದು ನಿಯಮ ಸಾಕು.

ಮೈಲಿಗಲ್ಲಿನ ಕೊನೆಯಲ್ಲಿ ಮೌಲ್ಯಮಾಪನದ ಕಾರ್ಡು ಇರುತ್ತೆ. ಮಗುವಿಗೆ ಬರಲಿಲ್ಲ ಅನ್ನಿ, ಅದೇ ಕಾರ್ಡನ್ನು ಮತ್ತೆ ಮತ್ತೆ ಮಾಡಿಸುವುದಲ್ಲ. ಅದೇ ವಿಷಯವನ್ನು ಬೇರೆ ರೀತಿಯಲ್ಲಿ ಕಲಿಸುವ ಪೂರಕ ಕಾರ್ಡಿಗೆ ಕಳಿಸಬೇಕು, ಆಮೇಲೆ ವಾಪಸ್. ಇದನ್ನು ‘ಟೆಸ್ಟ್’ ಅಂತ ಕರೆದ ದಿನ ಹೊಟ್ಟೆನೋವು ವಾಪಸ್ ಬರುತ್ತೆ.

ಹೊರಗಿನ ಒತ್ತಡವೂ ಕಡಿಮೆಯಲ್ಲ. ‘ನೋಟ್‌ಬುಕ್ ಇಲ್ಲ, ಹೋಮ್‌ವರ್ಕ್ ಇಲ್ಲ, ಬರೀ ಆಟ ಆಡಿಸ್ತಾರೆ’ ಅಂತ ಊರಿನವರು ಅಂದರೆ ಮೇಷ್ಟ್ರು ಎಷ್ಟು ದಿನ ತಡೆದಾರು? ಅಂಥವರಿಗೆ ವಾದ ಮಾಡಿ ಉಪಯೋಗವಿಲ್ಲ. ಮಗು ಯಾವ ಮೆಟ್ಟಿಲು ದಾಟಿದೆ ಅಂತ ಗುರುತು ಹಾಕಿಡುವ ಪ್ರಗತಿ ನೋಟದ ಹಾಳೆ ತೋರಿಸಿ, ಅವರ ಮಗುವಿನ ಕೈಗೆ ನೋಡಿರದ ನಾಲ್ಕು ಪದ ಕೊಟ್ಟು ಅವರೆದುರೇ ಓದಿಸಬೇಕು.

ಈಗ ಖಾಸಗಿ ಶಾಲೆಗೆ ಹೋಗುವ ಮಕ್ಕಳ ಮನೆಗೆ ಬರೋಣ. ಶಾಲೆಯ ಬೆಂಚು ನಿಮ್ಮ ಕೈಯಲ್ಲಿಲ್ಲ, ಸಂಜೆ ಇದೆ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಬೋಧನೆ ಸಾಕು ಅಂತ ಕಾಯ್ದೆಯೇ ಹೇಳಿದೆ. ಅಂದರೆ ದಿನಕ್ಕೆ ನಾಲ್ಕು ಗಂಟೆ. ಏಳೂವರೆಗೆ ವ್ಯಾನ್ ಹತ್ತಿ ನಾಲ್ಕಕ್ಕೆ ಇಳಿದ ಒಂದನೇ ತರಗತಿ ಮಗುವನ್ನು ಐದಕ್ಕೆ ಟ್ಯೂಷನ್ನಿಗೆ, ಆರಕ್ಕೆ ಅಬಾಕಸ್ಸಿಗೆ ಕಳಿಸುವವರು ಈ ಲೆಕ್ಕ ಹಾಕಿ ನೋಡಲಿ.

ವ್ಯಾನ್ ಇಳಿದ ಮೇಲೆ ಕತ್ತಲಾಗುವವರೆಗೆ ಯಾರ ಯೋಜನೆಯೂ ಇಲ್ಲದ ಹೊತ್ತು ಬೇಕು. ಮೊದಲ ನಾಲ್ಕು ದಿನ ಮಗು ‘ಬೋರು, ಮೊಬೈಲ್ ಕೊಡು’ ಅಂತ ಪ್ರಾಣ ತಿನ್ನುತ್ತೆ. ತಾನೇ ಆಟ ಹುಡುಕಿಕೊಳ್ಳುವುದು ಮರೆತಿರುತ್ತೆ, ಅಷ್ಟೇ. ಅಲ್ಲೇ ಸೋತು ಮೊಬೈಲ್ ಕೊಟ್ಟರೆ ಬೆಂಚಿನ ಬದಲು ಸೋಫಾ. ಒಂದು ಮಂಕರಿ ಮರಳು, ಹಗ್ಗ, ಹಳೇ ಸೀರೆ, ರಟ್ಟಿನ ಪೆಟ್ಟಿಗೆ ಕಣ್ಣಿಗೆ ಬೀಳುವ ಕಡೆ ಇಟ್ಟು ಸುಮ್ಮನಿರಿ. ಏನು ಮಾಡಬೇಕು ಅಂತ ಹೇಳಬೇಡಿ.

ಅಕ್ಷರದಲ್ಲಿ ಹಿಂದೆ ಬಿದ್ದಿದ್ದರೆ ಮನೆಯಲ್ಲೇ ಸಣ್ಣ ಏಣಿ ಮಾಡಬಹುದು. ಹಳೇ ಮದುವೆ ಕಾಗದದ ಖಾಲಿ ಬದಿಯನ್ನು ಪೋಸ್ಟ್‌ಕಾರ್ಡಿನ ಅಳತೆಗೆ ಕತ್ತರಿಸಿ. ಐದು ಅಕ್ಷರಕ್ಕೆ ಏಳೆಂಟು ಕಾರ್ಡು: ಮೊದಲನೆಯದು ಕೇಳಿ ಹೇಳುವುದು, ಎರಡನೆಯದು ಗುರುತು ಹಿಡಿಯುವುದು (ದಿನಪತ್ರಿಕೆಯ ತಲೆಬರಹದಲ್ಲಿ ‘ಸ’ಗೆ ಸುತ್ತು ಹಾಕಲಿ), ಆಮೇಲೆ ಎರಡು ಆಟ, ಹುಣಸೆ ಬೀಜದಲ್ಲಿ ಅಕ್ಷರದ ಆಕಾರ ಜೋಡಿಸುವುದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯುವುದು, ಪದ ಕಟ್ಟುವುದು, ಕೊನೆಗೆ ನೋಡಿರದ ಪದ ಓದುವುದು. ಬರೆಯುವುದು ಎರಡನೇ ದಿನವೇ ಬರಬಾರದು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಮಗು ‘ಇನ್ನೊಂದು’ ಅನ್ನುವಾಗಲೇ ಪೆಟ್ಟಿಗೆ ಮುಚ್ಚಿ. ಅಕ್ಕನ ಏಣಿ, ತಮ್ಮನ ಏಣಿ ಅಕ್ಕಪಕ್ಕ ತೂಗುಹಾಕಬೇಡಿ. ಹೋಲಿಕೆ ಬಂದ ಕೂಡಲೇ ಅದೂ ಒಂದು ರ‍್ಯಾಂಕ್ ಪಟ್ಟಿ.

ಭಾನುವಾರಕ್ಕೆ ಮೈಸೂರಿನವರಿಗೆ ಬೇಕಾದಷ್ಟಿದೆ. ಕುಕ್ಕರಹಳ್ಳಿ ಕೆರೆ ಏರಿ, ಕಾರಂಜಿ ಕೆರೆಯ ದಡದ ನೈಸರ್ಗಿಕ ಇತಿಹಾಸ ವಸ್ತು ಸಂಗ್ರಹಾಲಯ. ರಜೆಯಲ್ಲಿ ವಾರದ ದಿನ ಹೋಗುವುದಾದರೆ ನೆನಪಿಡಿ, ಸಂಗ್ರಹಾಲಯಕ್ಕೆ ಸೋಮವಾರ ರಜೆ, ಮೃಗಾಲಯಕ್ಕೆ ಮಂಗಳವಾರ. ಬೇಸಿಗೆಯಲ್ಲಿ ರಂಗಾಯಣದ ಚಿಣ್ಣರ ಮೇಳ. ಮಂಡ್ಯದ ಕಡೆಯವರಿಗೆ ರಂಗನತಿಟ್ಟು, ಕೊಕ್ಕರೆ ಬೆಳ್ಳೂರು. ಒಂದೇ ಷರತ್ತು: ವಾಪಸ್ ಬಂದ ಮೇಲೆ ‘ಏನೇನು ನೋಡಿದೆ, ಹತ್ತು ವಾಕ್ಯ ಬರಿ’ ಅನ್ನಬೇಡಿ.

ಕೆಲವರು ಶಾಲೆಯನ್ನೇ ಬಿಡಿಸುವ ಯೋಚನೆಯಲ್ಲಿರುತ್ತಾರೆ. ದಾರಿ ಇದೆ, ಅಗ್ಗದ ದಾರಿಯಲ್ಲ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತೆ, ಸೇರಿಸದಿದ್ದವರಿಗೆ ದಂಡ ಮಾತ್ರ ಅದರಲ್ಲಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 3, 5, 8ನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳಿವೆ. ಹತ್ತನೇ ತರಗತಿಯ ಹಂತಕ್ಕೆ 14 ವರ್ಷ ತುಂಬಿರಬೇಕು, ಐದು ವರ್ಷದೊಳಗೆ ಒಂಬತ್ತು ಸಲ ಪರೀಕ್ಷೆ ಬರೆಯುವ ಅವಕಾಶ. ಆದರೆ ಮನೆಯಲ್ಲಿ ಒಬ್ಬರು ದಿನವಿಡೀ ಮಗುವಿನ ಜೊತೆ ಇರಬೇಕು, ಜೊತೆಗಾರರನ್ನು ಹುಡುಕಿಕೊಡಬೇಕು. ಬೆಂಚಿನಿಂದ ಬಿಡಿಸಿ ಅಮ್ಮನ ಡೈನಿಂಗ್ ಟೇಬಲ್ಲಿಗೆ ಕಟ್ಟಿಹಾಕಿದ ಮನೆಗಳೂ ಇವೆ.

ನನ್ನ ದೊಡ್ಡ ತಕರಾರು ನಾಲ್ಕನೇ ತರಗತಿಯ ಮೇಲೆ. ಮೂರು ವರ್ಷ ನೆಲದ ಮೇಲೆ ಓಡಾಡಿಕೊಂಡು, ಕಾರ್ಡು ತಾನೇ ತೆಗೆದುಕೊಂಡು ಬೆಳೆದ ಮಗುವನ್ನು ಒಂದು ಜೂನ್ ಬೆಳಿಗ್ಗೆ ಪಕ್ಕದ ಕೋಣೆಯ ಬೆಂಚಿಗೆ ಸೇರಿಸಿ, ಪುಸ್ತಕ ಕೊಟ್ಟು, 40 ನಿಮಿಷಕ್ಕೊಂದು ಬೆಲ್ ಹೊಡೆಯುತ್ತೇವೆ. ಕೋಟೆಯಲ್ಲೂ ಅಷ್ಟೇ, ಮಂಡ್ಯದಲ್ಲೂ ಅಷ್ಟೇ. ‘ನಲಿ-ಕಲಿ ಮಕ್ಕಳು ಶಿಸ್ತಿಲ್ಲದವರು’ ಅನ್ನುವ ದೂರು ಹುಟ್ಟುವುದು ಆ ಕೋಣೆಯಲ್ಲಿ. ಇದಕ್ಕೆ ಸರ್ಕಾರದ ಆದೇಶ ಕಾಯಬೇಕಾಗಿಲ್ಲ. ಮೊದಲ ಒಂದೂವರೆ ತಿಂಗಳು ಬೆಂಚುಗಳನ್ನು ಒಂದು ಬದಿಗೆ ಒತ್ತಿ, ಮಧ್ಯಾಹ್ನದ ಅವಧಿ ಚಾಪೆ ಮೇಲೆ ಗುಂಪಾಗಿ ನಡೆಸಬಹುದು. ಪುಸ್ತಕದ ಒಂದು ಪಾಠವನ್ನು ಆರು ಚೀಟಿಯಾಗಿ ಒಡೆದು ಗೋಡೆಗೆ ಅಂಟಿಸಿದರೆ ಅದೇ ಏಣಿ. ಬೇಸಿಗೆ ರಜೆಯಲ್ಲಿ ಸುಣ್ಣಬಣ್ಣ ಮಾಡಿಸುವಾಗ ನಾಲ್ಕನೇ ತರಗತಿಯ ಗೋಡೆಯ ಬುಡಕ್ಕೂ ಎರಡೂವರೆ ಅಡಿ ಎತ್ತರ ಕಪ್ಪು ಬಣ್ಣ ಹೊಡೆಸಬೇಕು, ಮತ್ತೆ ಬೆಂಚನ್ನು ಅದಕ್ಕೆ ಒರಗಿಸಿ ಇಡದಂತೆ ನೋಡಿಕೊಳ್ಳಬೇಕು. ಹೊಸ ಬಣ್ಣದ ಮೇಲೆ ಸೀಮೆಸುಣ್ಣ ಜಾರುತ್ತೆ. ಮೊದಲ ದಿನ ಸೀಮೆಸುಣ್ಣವನ್ನು ಅಡ್ಡಡ್ಡ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿಬಿಟ್ಟರೆ ಆಮೇಲೆ ಅಕ್ಷರ ಹಿಡಿಯುತ್ತೆ.